ಹದಿನೇಳು ಪುಟಗಳ ನಡುವೆ

ಚೌತಿಯ ರಜೆಗೆ ಕಿನ್ನರದ ನಮ್ಮ ಮನೆಗೆ ಬಂದಿದ್ದ ಮೊಮ್ಮಗಳಿಗೆ ಕಾಳಿನದಿಯ ಕುರಿತು ಪ್ರಬಂಧವೊಂದನ್ನು ಬರೆಯುವುದಿತ್ತು. ನದಿ ಇಲ್ಲೇ ಹತ್ತಿರದಲ್ಲಿ ಹರಿಯುತ್ತಿದ್ದರೂ ಆಕೆ ಅದನ್ನು ಅರಸಿದ್ದು ಅಂತರ್ಜಾಲದಲ್ಲಿ. ಜೋಯಿಡಾ ತಾಲೂಕಿನ ಡಿಗ್ಗಿಯಿಂದ ಹೊರಟವಳು ಸೂಪಾ, ಕೈಗಾ, ಕದ್ರಾಗಳನ್ನು ಹಾದು ಸದಾಶಿವಗಡದ ಬಳಿ ಕಡಲನ್ನು ಕಾಣುವ ಹೊತ್ತಿಗೆ, 1880ರ ದಶಕದಲ್ಲಿ ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರಲ್ಲಿಗೆ ಬಂದು, ಇದೇ ಹೊಳೆಯಲ್ಲಿ ದೋಣಿಯೇರಿದ ತರುಣ ರವೀಂದ್ರನಾಥ ಠಾಕೂರರನ್ನೂ ಸಂಧಿಸಿದ್ದಳು. ತೆರೆಯ ನೆತ್ತಿಯಲ್ಲಿ ಹದಿನೇಳು ಟ್ಯಾಬುಗಳು.

“ಒಂದನ್ನಾದರೂ ಕೊನೆತನಕ ಓದಬಾರದೇನೆ?” ಎಂದು ಗದರಿಸಿದೆ. ಆಕೆ ಲ್ಯಾಪ್‌ಟಾಪನ್ನು ಮುಚ್ಚಿ, ನದಿಯ ಕಥೆಯನ್ನು ಉಗಮದಿಂದ ಅಳಿವೆಯವರೆಗೆ ತಡವರಿಸದೆ ಹೇಳಿದಳು. “ಅಜ್ಜ, ನೀವು ಕಿಟ್ಟೆಲ್ ಕೋಶವನ್ನು ಮೊದಲ ಪುಟದಿಂದ ಓದುತ್ತೀರೇನು?” ಎಂದೂ ಕೇಳಿದಳು. ನಾನು ನಿರುತ್ತರನಾದೆ. 1894ರ ಆ ಮಹಾಕೋಶದಲ್ಲಿ ಒಂದು ಶಬ್ದವನ್ನು ಹುಡುಕಹೋಗಿ, ನಾಲ್ಕು ಪುಟಗಳಿಗೆ ಬೆರಳಿಟ್ಟುಕೊಂಡು ಕುಳಿತ ಮಧ್ಯಾಹ್ನಗಳೆಷ್ಟೋ! ಒಂದೇ ಪ್ರಶ್ನೆಯನ್ನು ಬೆನ್ನಟ್ಟಿ ಪುಟದಿಂದ ಪುಟಕ್ಕೆ ಜಿಗಿಯುವುದು ಚಾಂಚಲ್ಯವಲ್ಲವೆಂದು ಒಪ್ಪಿಕೊಳ್ಳಬೇಕಾಯಿತು.

ಆದರೆ ಅದೇ ಸಂಜೆ ನಾನು ಬೇರೊಂದನ್ನು ಕಂಡೆ. ಆಕೆ ಬರೆಯಲು ಕುಳಿತಳು. ಪಕ್ಕದಲ್ಲಿದ್ದ ಫೋನಿಗೆ ಗೆಳತಿಯರ ಸಂದೇಶಗಳು ಬರತೊಡಗಿದವು. ಪ್ರತಿಯೊಂದಕ್ಕೂ ಉತ್ತರಿಸಿ ಮರಳಿದಾಗಲೆಲ್ಲ ಹಿಂದಿನ ವಾಕ್ಯವನ್ನೇ ಮತ್ತೆ ಮೊದಲಿನಿಂದ ಓದುವಳು. ಒಂದು ಗಂಟೆಯಲ್ಲಿ ಅರ್ಧ ಪುಟವೂ ತುಂಬಲಿಲ್ಲ. ಹದಿನೇಳು ಪುಟಗಳನ್ನು ನಿಭಾಯಿಸಿದ ಮನಸ್ಸಿಗೆ ಈ ಎರಡು ಕೆಲಸಗಳು ಭಾರವಾದುದೇಕೆ?

ನನಗೆ ನೆನಪಾದುದು ಅಷ್ಟಾವಧಾನ. ನಮ್ಮ ಕಾಲದಲ್ಲಿ ಶತಾವಧಾನಿ ಆರ್. ಗಣೇಶರು ಕನ್ನಡದಲ್ಲಿ ಮತ್ತೆ ಬೆಳಗಿಸಿದ ಕಲೆ ಇದು. ಎಂಟು ಮಂದಿ ಪೃಚ್ಛಕರಿಗೆ ಒಬ್ಬ ಅವಧಾನಿ. ಒಬ್ಬರು ಸಮಸ್ಯೆಯನ್ನೊಡ್ಡುತ್ತಾರೆ, ಒಬ್ಬರು ಅಕ್ಷರಗಳನ್ನು ನಿಷೇಧಿಸುತ್ತಾರೆ, ಇನ್ನೊಬ್ಬರು ದತ್ತಪದಗಳನ್ನು ಕೊಡುತ್ತಾರೆ. ಎಂಟೂ ಏಕಕಾಲಕ್ಕೆ ನಡೆದಂತೆ ತೋರಿದರೂ ಅವಧಾನಿ ಒಮ್ಮೆಗೆ ಒಬ್ಬರಿಗೇ ಉತ್ತರಿಸುವುದು. ಸುತ್ತಿಗೊಂದು ಪಾದದಂತೆ ನಾಲ್ಕು ಸುತ್ತುಗಳಲ್ಲಿ ಪದ್ಯ ಪೂರ್ಣವಾಗುತ್ತದೆ. ಕೊನೆಗೆ ಎಲ್ಲವನ್ನೂ ನೆನಪಿನಿಂದಲೇ ಒಪ್ಪಿಸುವ ಧಾರಣ. ಇದರ ನಡುವೆ ಬೇಕೆಂದೇ ಅಡ್ಡಬಾಯಿ ಹಾಕಲು ಅಪ್ರಸ್ತುತಪ್ರಸಂಗಿಯೆಂಬವರೊಬ್ಬರು ಇರುತ್ತಾರೆ. (ಸಭೆಗೆ ಹೆಚ್ಚು ಪ್ರಿಯರಾದವರೂ ಇವರೇ ಎಂಬುದು ಗಮನಾರ್ಹ.) ಇಂದು ಈ ಪಾತ್ರವನ್ನು ಫೋನು ವಹಿಸಿಕೊಂಡಿದೆ. ವರ್ಷಗಟ್ಟಲೆ ಸಾಧನೆ ಮಾಡಿದ ಅವಧಾನಿಗೆ ಒಬ್ಬ ಪ್ರಸಂಗಿ. ಯಾವ ಸಾಧನೆಯೂ ಇಲ್ಲದ ನಮಗೆ ಹತ್ತಾರು! ಧಾರಣದ ಹೊಣೆಯನ್ನಂತೂ ನಾವು ಟ್ಯಾಬುಗಳಿಗೇ ಒಪ್ಪಿಸಿದ್ದೇವೆ.

ಅಮೆರಿಕದ ಸ್ಟ್ಯಾನ್‌ಫರ್ಡಿನ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಹಲವು ಮಾಧ್ಯಮಗಳಲ್ಲಿ ಒಟ್ಟಿಗೆ ಮುಳುಗಿರುವ ರೂಢಿಯವರೇ ಅಪ್ರಸ್ತುತವಾದುದಕ್ಕೆ ಹೆಚ್ಚು ಸೋಲುತ್ತಾರೆಂದೂ ಕೆಲಸದಿಂದ ಕೆಲಸಕ್ಕೆ ಹೊರಳುವುದರಲ್ಲಿಯೂ ಹಿಂದೆಬೀಳುತ್ತಾರೆಂದೂ ಕಂಡುಬಂದಿತು. ಅನಂತರದ ಪ್ರಯೋಗಗಳೆಲ್ಲವೂ ಇದನ್ನು ಅನುಮೋದಿಸಿಲ್ಲ. ಆದ್ದರಿಂದ ಮೊಮ್ಮಗಳೆದುರು ನಾನಿದನ್ನು ಪ್ರಮಾಣವಾಗಿ ಎತ್ತಲಿಲ್ಲ. ಫೋನನ್ನು ಒಳಕೋಣೆಯಲ್ಲಿಟ್ಟು ಬಾ ಎಂದೆನಷ್ಟೆ. ಗೊಣಗುತ್ತ ಇಟ್ಟು ಬಂದಳು. ಟ್ಯಾಬುಗಳು ಹದಿನೇಳೂ ಹಾಗೆಯೇ ಇದ್ದವು. ರಾತ್ರಿಯೂಟಕ್ಕೆ ಮುನ್ನ ಪ್ರಬಂಧ ಮುಗಿದಿತ್ತು.

ಈ ಭಾಷಣವನ್ನು ಬರೆಯುವಾಗ ನಾನು ಮೂರು ಬಾರಿ ನನ್ನ ಫೋನನ್ನು ಕೈಗೆತ್ತಿಕೊಂಡೆ. ಎರಡನೆಯ ಬಾರಿ ಏತಕ್ಕೆಂಬುದು ಈಗ ನೆನಪಿಲ್ಲ.