ಅಡ್ರಿನಲ್ ಗ್ರಂಥಿಗಳು ಮತ್ತು ಸ್ಟಿರಾಯ್ಡ್ ಔಷಧಗಳು



ಕೋವಿಡ್ ಮಹಾಮಾರಿಯ ಕಾಲದಲ್ಲಿ, 2020ರ ಆಗಸ್ಟ್ ತಿಂಗಳಲ್ಲಿ, ಪುಣೆಯ ಶಿವಾಜಿನಗರದ ಇಂಜಿನಿಯರಿಂಗ್ ಕಾಲೇಜಿನ ಮೈದಾನದಲ್ಲಿ 800 ಹಾಸಿಗೆಗಳ ತಾತ್ಕಾಲಿಕ ಆಸ್ಪತ್ರೆಯೊಂದು ತಲೆಯೆತ್ತಿತು. ದೇಶದೆಲ್ಲೆಡೆ ಡೆಕ್ಸಾಮೆಥಸೋನ್ ಎಂಬ ಅಗ್ಗದ ಸ್ಟಿರಾಯ್ಡ್ ಔಷಧದ ಹೆಸರು ಜನರ ಕಿವಿಗೆ ಬಿದ್ದುದು ಆ ವರ್ಷವೇ. ಕೃತಕ ಉಸಿರಾಟದ ಯಂತ್ರದ ಆಸರೆಯಲ್ಲಿದ್ದ ರೋಗಿಗಳ ಸಾವನ್ನು ಅದು ಸುಮಾರು ಮೂರನೆಯ ಒಂದು ಪಾಲಿನಷ್ಟು ತಗ್ಗಿಸುವುದೆಂದು ಜೂನ್ ತಿಂಗಳಲ್ಲಿ ಬ್ರಿಟನ್ನಿನ ಪರೀಕ್ಷೆಯೊಂದು ತೋರಿಸಿತ್ತು. ಅದೇ ತಿಂಗಳು ಕೇಂದ್ರ ಆರೋಗ್ಯ ಸಚಿವಾಲಯವು ಅದನ್ನು ತನ್ನ ಚಿಕಿತ್ಸಾಕ್ರಮದಲ್ಲಿ ಸೇರಿಸಿತು. ಆದರೆ ಆಮ್ಲಜನಕದ ಅಗತ್ಯವಿಲ್ಲದವರಿಗೆ ಅದರಿಂದ ಪ್ರಯೋಜನ ಕಂಡುಬರಲಿಲ್ಲ. 2021ರಲ್ಲಿ ಹರಡಿದ ಕಪ್ಪು ಶಿಲೀಂಧ್ರ ರೋಗಕ್ಕೆ ಹತೋಟಿ ತಪ್ಪಿದ ಮಧುಮೇಹದೊಡನೆ ಸ್ಟಿರಾಯ್ಡ್‌ಗಳ ಅತಿಬಳಕೆಯೂ ಎಡೆಮಾಡಿಕೊಟ್ಟಿತು.

ಈ ಔಷಧಗಳಿಗೆ ಇನ್ನೊಂದು, ಕಣ್ಣಿಗೆ ಕಾಣದ ಅಪಾಯವುಂಟು. ಅದನ್ನು ಅರಿಯಲು ಅಡ್ರಿನಲ್ ಗ್ರಂಥಿಗಳ ಪರಿಚಯ ಅಗತ್ಯ. ಎರಡು ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯಂತೆ ಕುಳಿತಿರುವ ಇವು ಒಂದೊಂದೂ ಸುಮಾರು 4-5 ಗ್ರಾಂ ತೂಗುವ ನಿರ್ನಾಳ ಗ್ರಂಥಿಗಳು. ಇವುಗಳ ಹೊರಪದರದಲ್ಲಿ ಹುಟ್ಟುವ ಕಾರ್ಟಿಸಾಲ್ ರಕ್ತದೊತ್ತಡವನ್ನೂ ರಕ್ತದ ಸಕ್ಕರೆಯನ್ನೂ ಕಾಪಾಡುತ್ತದೆ. ಜ್ವರ, ಪೆಟ್ಟು, ಶಸ್ತ್ರಚಿಕಿತ್ಸೆಗಳನ್ನು ತಾಳಿಕೊಳ್ಳುವ ಶಕ್ತಿ ಕೊಡುತ್ತದೆ. ಎಷ್ಟು ಸ್ರವಿಸಬೇಕೆಂಬ ಆಜ್ಞೆ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಬರುತ್ತದೆ.

ಪ್ರೆಡ್ನಿಸೋಲೋನ್, ಡೆಕ್ಸಾಮೆಥಸೋನ್ ಮುಂತಾದವು ಕಾರ್ಟಿಸಾಲನ್ನು ಹೋಲುವ ಕೃತಕ ಔಷಧಗಳು. ಸಂಧಿವಾತ, ಉಬ್ಬಸ, ಚರ್ಮರೋಗಗಳಲ್ಲಿ ಇವುಗಳ ಉಪಕಾರ ದೊಡ್ಡದು. ಆದರೆ ವಾರಗಟ್ಟಲೆ ಹೊರಗಿನಿಂದ ಪೂರೈಕೆಯಾದಾಗ ಪಿಟ್ಯುಟರಿಯ ಆಜ್ಞೆ ನಿಲ್ಲುತ್ತದೆ. ಕೆಲಸವಿಲ್ಲದ ಗ್ರಂಥಿ ಸೊರಗುತ್ತದೆ. ಆಗ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಶರೀರಕ್ಕೆ ಒಳಗಿನದೂ ಇಲ್ಲ, ಹೊರಗಿನದೂ ಇಲ್ಲ. ತೀವ್ರ ನಿಶ್ಶಕ್ತಿ, ವಾಂತಿ, ರಕ್ತದೊತ್ತಡದ ಕುಸಿತ ಕಾಣಿಸಿಕೊಂಡು ಪ್ರಾಣಕ್ಕೇ ಸಂಚಕಾರ ಬರಬಹುದು. ಕೆಲವೇ ದಿನಗಳ ಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ಈ ಭಯವಿಲ್ಲ.

ಗ್ರಂಥಿಯೇ ಹಾಳಾಗುವ ರೋಗವನ್ನು 1855ರಲ್ಲಿ ಥಾಮಸ್ ಅಡಿಸನ್ ಎಂಬ ಇಂಗ್ಲಿಷ್ ವೈದ್ಯರು ವರ್ಣಿಸಿದರು. ಕ್ಷಯವು ಇದರ ಕಾರಣಗಳಲ್ಲೊಂದು. ಮೈಬಣ್ಣ ಕಪ್ಪಾಗುವುದು, ತೂಕ ಇಳಿಯುವುದು, ಉಪ್ಪಿನ ಹಂಬಲ ಇದರ ಲಕ್ಷಣಗಳು. ಇಂಥವರಿಗೆ ಹೈಡ್ರೋಕಾರ್ಟಿಸೋನ್ ಮತ್ತು ಫ್ಲೂಡ್ರೋಕಾರ್ಟಿಸೋನ್ ಮಾತ್ರೆಗಳು ಜೀವನಪರ್ಯಂತ ಬೇಕು. ಕ್ರಮವಾಗಿ ಸೇವಿಸಿದರೆ ಸಹಜ ಬಾಳು ಸಾಧ್ಯ.

ಆದುದರಿಂದ ಸಾರ್ವಜನಿಕರು ಕೆಲವು ಸಂಗತಿಗಳನ್ನು ನೆನಪಿಡಬೇಕು. ವೈದ್ಯರ ಚೀಟಿಯಿಲ್ಲದೆ ಸ್ಟಿರಾಯ್ಡ್ ಕೊಳ್ಳಬಾರದು. ಕೀಲುನೋವಿಗೆಂದು ಮಾರುವ ಹೆಸರಿಲ್ಲದ ಪುಡಿಗಳಲ್ಲಿಯೂ ಇದು ಬೆರೆತಿರುವುದುಂಟು. ಬಹುಕಾಲ ಸೇವಿಸಿದವರು ವೈದ್ಯರು ಹೇಳಿದಂತೆ ಹಂತಹಂತವಾಗಿಯೇ ಪ್ರಮಾಣ ತಗ್ಗಿಸಬೇಕು. ಜ್ವರ ಬಂದಾಗ, ಶಸ್ತ್ರಚಿಕಿತ್ಸೆಗೆ ಮುನ್ನ, ತಪ್ಪದೆ ವೈದ್ಯರಿಗೆ ತಿಳಿಸಬೇಕು. ಆಗ ಪ್ರಮಾಣ ಹೆಚ್ಚಿಸಬೇಕಾಗುತ್ತದೆ. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಚುಚ್ಚುಮದ್ದಿಗಾಗಿ ಕೂಡಲೇ ಆಸ್ಪತ್ರೆ ಸೇರಬೇಕು. ಮದುವೆ, ಜಾತ್ರೆಗಳಿಗೆಂದು ಪುಣೆಯಿಂದ ಹುಬ್ಬಳ್ಳಿಗೋ ಕಲಬುರಗಿಗೋ ಹೊರಡುವ ಕನ್ನಡಿಗರು ಮಾತ್ರೆಗಳೊಡನೆ ಔಷಧದ ಹೆಸರು, ಪ್ರಮಾಣ ಬರೆದ ಚೀಟಿಯನ್ನೂ ಜೇಬಿನಲ್ಲಿಟ್ಟುಕೊಳ್ಳಬೇಕು. ಪ್ರಜ್ಞೆ ತಪ್ಪಿದ ರೋಗಿಯ ಪರವಾಗಿ ಮಾತನಾಡುವುದು ಆ ಚೀಟಿಯೊಂದೇ.