ಅಪ್ಪನ ಅಂಗಡಿಯಲ್ಲಿ ಕೂತ ಹುಡುಗ ನಿರುದ್ಯೋಗಿಯೇ?

ಮೊನ್ನೆ ಇದೇ ಕುರ್ಚಿಯಲ್ಲಿ ಕೂತು ನಾನೊಂದು ಸುದ್ದಿ ಓದಿದೆ. ದೇಶದಲ್ಲಿ ನಿರುದ್ಯೋಗ ಶೇಕಡಾ 3.2, ಅಂದರೆ ನೂರು ಜನರಲ್ಲಿ ಮೂವರಿಗೆ ಮಾತ್ರ ಕೆಲಸ ಇಲ್ಲ ಅಂತ. ಆ ರಾತ್ರಿ ವೀಕ್ಷಕರೊಬ್ಬರು ಫೋನ್ ಮಾಡಿದರು. "ಸಾರ್, ನಮ್ಮ ಬೀದಿಯೊಂದರಲ್ಲೇ ಆರು ಹುಡುಗರು ಡಿಗ್ರಿ ಮುಗಿಸಿ ಮನೇಲಿದ್ದಾರೆ. ನಿಮ್ಮ ನೂರು ಜನ ಯಾವ ಊರಿನವರು?" ಸಿಟ್ಟಲ್ಲಿ ಕೇಳಿದ್ದಲ್ಲ, ನಿಜವಾಗಿಯೂ ಕೇಳಿದ್ದು. ನನ್ನ ಹತ್ತಿರ ಉತ್ತರ ಇರಲಿಲ್ಲ. ಇಂಜಿನಿಯರಿಂಗ್ ಓದಿದವನು ಶೇಕಡಾವಾರು ಕಂಡ ತಕ್ಷಣ ಛೇದ ಯಾವುದು ಅಂತ ಕೇಳಬೇಕಿತ್ತು. ಕೇಳಿರಲಿಲ್ಲ.

ಆಮೇಲೆ ಕೂತು ಓದಿದೆ. ಇದು ಕೇಂದ್ರ ಸರ್ಕಾರದ ಪಿಎಲ್‌ಎಫ್‌ಎಸ್ ಸಮೀಕ್ಷೆಯ 2023-24ರ ಅಂಕಿ. 15 ವರ್ಷ ಮೇಲ್ಪಟ್ಟವರಲ್ಲಿ ನೂರಕ್ಕೆ ಸುಮಾರು 60 ಜನ 'ಲೇಬರ್ ಫೋರ್ಸ್' ಒಳಗಿದ್ದಾರೆ. ಕೆಲಸ ಮಾಡುವವರು, ಕೆಲಸ ಹುಡುಕುವವರು, ಸಿಕ್ಕರೆ ಮಾಡ್ತೀವಿ ಅನ್ನುವವರು, ಇಷ್ಟೇ. ಓದುವವರು, ಮನೆ ನೋಡಿಕೊಳ್ಳುವವರು, ವಯಸ್ಸಾದವರು ಹೊರಗೆ. ಆ ಶೇಕಡಾ 3.2 ಈ 60 ಜನರ ಮೇಲಿನ ಲೆಕ್ಕ, ನೂರರ ಮೇಲಿನದಲ್ಲ. ನಾನು ಓದಿದ 'ನೂರಕ್ಕೆ ಮೂವರು' ತಪ್ಪು.

ಅದಕ್ಕಿಂತ ನನ್ನನ್ನು ಕಾಡಿದ್ದು 'ಕೆಲಸ' ಅನ್ನೋ ಪದ. 2009ರಲ್ಲಿ ನಾನು ಇಂಜಿನಿಯರಿಂಗ್ ಮುಗಿಸಿದಾಗ ಜಗತ್ತಿಗೆಲ್ಲ ಆರ್ಥಿಕ ಹಿಂಜರಿತ. ಕೈಯಲ್ಲಿ ಆಫರ್ ಲೆಟರ್ ಇತ್ತು, ಕಂಪನಿ ಸೇರುವ ದಿನಾಂಕ ಮಾತ್ರ ಮುಂದಕ್ಕೆ ಹೋಗ್ತಾನೇ ಇತ್ತು. ಹತ್ತು ತಿಂಗಳು ತಿಪಟೂರಿನ ಅಪ್ಪನ ದಿನಸಿ ಅಂಗಡಿಯಲ್ಲಿ ಕೂತೆ. "ಏನ್ ಇಂಜಿನಿಯರ್ ಸಾಹೇಬ್ರೇ, ಸಕ್ಕರೆ ತೂಗ್ತಾ ಇದೀರಾ?" ಅನ್ನೋರು. ಅಪ್ಪ ತಲೆ ಎತ್ತದೆ ಲೆಕ್ಕ ಬರೀತಾ ಇದ್ದರು. ಸಂಬಳ ಇಲ್ಲ, ಕೇಳುವ ಮುಖವೂ ಇರಲಿಲ್ಲ. ಊರಿನ ಲೆಕ್ಕದಲ್ಲಿ ನಾನು ನಿರುದ್ಯೋಗಿ. ಸಮೀಕ್ಷೆಯ ಲೆಕ್ಕದಲ್ಲಿ? ಉದ್ಯೋಗಿ! ವರ್ಷದ ಬಹುಪಾಲು ಕೆಲಸ ಹುಡುಕುತ್ತಿದ್ದರೂ, ಸಂಬಳವಿಲ್ಲದೆ ಮನೆಯ ವ್ಯಾಪಾರಕ್ಕೆ 30 ದಿನ ಕೈಜೋಡಿಸಿದರೆ ಸಾಕು. ಸರ್ಕಾರವೇ ಕೊಡುವ ಇನ್ನೊಂದು ಲೆಕ್ಕ ವಾರದ್ದು. ಅದರಲ್ಲಿ ಏಳು ದಿನಗಳಲ್ಲಿ ಒಂದೇ ಒಂದು ಗಂಟೆ ದುಡಿದರೂ ಉದ್ಯೋಗಿ.

ಇದು ಮೋಸ ಅಂತ ಕೂಗಾಡೋಕೆ ನಾನು ಬಂದಿಲ್ಲ. ಮನೆಯ ಹೊಲದಲ್ಲಿ ಬೆಳಗಿನಿಂದ ಕಳೆ ಕೀಳುವ ಹೆಣ್ಣುಮಗಳನ್ನು 'ಕೆಲಸವಿಲ್ಲದವಳು' ಅಂತ ಬರೆದರೆ ಅದಕ್ಕಿಂತ ಅನ್ಯಾಯ ಬೇರೆ ಇಲ್ಲ. ಅವಳನ್ನು ಎಣಿಸಲೇಬೇಕು. ಆದರೆ ಎಣಿಸಿದ ಮೇಲೆ ಅವಳ ಕೈಗೆ ಎಷ್ಟು ಬಂತು ಅಂತಲೂ ಕೇಳಬೇಕಲ್ವಾ? 2017-18ರಲ್ಲಿ ದುಡಿಯುವವರಲ್ಲಿ ಶೇಕಡಾ 52.2 'ಸ್ವಯಂ ಉದ್ಯೋಗಿಗಳು', 2023-24ಕ್ಕೆ 58.4. ಈ ಪದದೊಳಗೆ ಶೋರೂಂ ಮಾಲೀಕನೂ ಇದ್ದಾನೆ, ತಳ್ಳುಗಾಡಿಯವನೂ ಇದ್ದಾನೆ, ಸಂಬಳವಿಲ್ಲದ ಆ ಹೆಣ್ಣುಮಗಳೂ ಇದ್ದಾಳೆ. ನಮ್ಮ ಪರದೆ ಮೇಲೆ ಎಲ್ಲರಿಗೂ ಒಂದೇ ಪದ.

ಇನ್ನು ಆ ಆರು ಹುಡುಗರು. 15ರಿಂದ 29 ವಯಸ್ಸಿನವರ ನಿರುದ್ಯೋಗ ಅದೇ ವರದಿಯಲ್ಲಿ ಶೇಕಡಾ 10.2. ಮೂರು ಪಟ್ಟು. ಅದೂ ವರದಿಯಲ್ಲೇ ಇತ್ತು, ನಾನೇ ಓದಲಿಲ್ಲ. ಫೋನ್ ಮಾಡಿದ ಯಜಮಾನರೇ, ತಪ್ಪು ನನ್ನದು. ಮುಂದಿನ ಸಲ ಈ ಅಂಕಿ ಬಂದಾಗ ಯುವಕರ ಸಾಲನ್ನೂ, ಸಂಬಳವಿಲ್ಲದೆ ದುಡಿಯುವವರ ಸಾಲನ್ನೂ ಪಕ್ಕದಲ್ಲೇ ತೋರಿಸ್ತೀನಿ. ಮರೆತರೆ ಮತ್ತೆ ಫೋನ್ ಮಾಡಿ.