ಮೊಳೆ ಹೊಡೆದು ದಾರ ಎಳೆದವರು



ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಸಾಂತಾ ಮರಿಯಾ ನೊವೆಲ್ಲಾ ಎಂಬ ಚರ್ಚಿದೆ. ಅಲ್ಲಿನ ಗೋಡೆಯ ಮೇಲೆ ಮಸಾಚಿಯೊ ಎಂಬ ತರುಣ 1427ರ ಸುಮಾರಿಗೆ ಬರೆದ ದೊಡ್ಡ ಭಿತ್ತಿಚಿತ್ರವೊಂದಿದೆ. ಶಿಲುಬೆಯ ಮೇಲೆ ಯೇಸು, ಹಿಂದೆ ನಿಂತ ದೇವಪಿತ, ಅವರ ನೆತ್ತಿಯ ಮೇಲೆ ಕಮಾನಿನ ಚಾವಣಿ. ಎದುರು ನಿಂತವರಿಗೆ ಗೋಡೆಯನ್ನು ಕೊರೆದು ಕೋಣೆ ಮಾಡಿದಂತೆ ಕಾಣುತ್ತದೆ. ಕೋಣೆ ಇಲ್ಲ, ಇರುವುದು ಸಪಾಟು ಗೋಡೆ. ಹತ್ತಿರದಿಂದ ಪರೀಕ್ಷಿಸಿದವರಿಗೆ ಹಸಿ ಗಾರೆಯ ಮೇಲೆ ದಾರ ಒತ್ತಿದ ಗೀರುಗಳು ಸಿಕ್ಕಿವೆ. ಮೊಳೆಯೊಂದನ್ನು ಹೊಡೆದು, ಅದಕ್ಕೆ ದಾರ ಕಟ್ಟಿ, ನಮ್ಮ ಗಾರೆ ಕೆಲಸದವರು ಗೋಡೆ ನೇರ ಬರಲೆಂದು ಎಳೆಯುವ ಹಾಗೆ ಎಳೆದು, ಮಸಾಚಿಯೊ ತನ್ನ ಚಾವಣಿಯ ಗೆರೆಗಳನ್ನು ಹಾಕಿಕೊಂಡಿದ್ದ.

ಮಸಾಚಿಯೊನ ಈ ಕಾಲವನ್ನು ರೆನೈಸಾನ್ಸ್ ಎನ್ನುತ್ತಾರೆ. ಆ ಹೆಸರು ಕೇಳಿದೊಡನೆ ನಮಗೆ ನೆನಪಾಗುವುದು ಮಹಾಪ್ರತಿಭೆ, ದೈವದತ್ತ ಕೈ ಮುಂತಾದ ದೊಡ್ಡ ಮಾತುಗಳು. ಪ್ರತಿಭೆ ಇತ್ತು, ಅನುಮಾನವಿಲ್ಲ. ಆದರೆ ಆ ಕಾಲದ ಹೊಸತನ ಹುಟ್ಟಿದ್ದು ಹೆಚ್ಚಾಗಿ ಕಾರ್ಖಾನೆಯಂಥ ಕೆಲಸದ ಮನೆಗಳಲ್ಲಿ, ಅಳತೆಗೋಲು ಹಿಡಿದವರ ಕೈಯಲ್ಲಿ.

ಮಸಾಚಿಯೊನಿಗೆ ದಾರಿ ತೋರಿದ ಬ್ರುನೆಲ್ಲೆಸ್ಕಿಯನ್ನೇ ನೋಡಿ. ಆತ ಕಲಿತ ಕಸುಬು ಅಕ್ಕಸಾಲಿಯದು. 1401ರಲ್ಲಿ ಫ್ಲಾರೆನ್ಸಿನ ದೀಕ್ಷಾಮಂದಿರಕ್ಕೆ ಕಂಚಿನ ಬಾಗಿಲು ಮಾಡಿಸಲು ಸ್ಪರ್ಧೆ ನಡೆದಾಗ ಆತನೂ ಒಂದು ಫಲಕ ಮಾಡಿಕೊಟ್ಟ. ಕೆಲಸ ಸಿಕ್ಕಿದ್ದು ಗಿಬರ್ಟಿ ಎಂಬವನಿಗೆ. ಇಬ್ಬರ ಫಲಕಗಳೂ ಇಂದು ಅದೇ ಊರಿನ ಬಾರ್ಜೆಲ್ಲೊ ಮ್ಯೂಸಿಯಮ್ಮಿನಲ್ಲಿವೆ. ತೀರ್ಪು ಸರಿಯೇ ಎಂದು ನೋಡುವವರು ಈಗಲೂ ವಾದ ಮಾಡಬಹುದು.

ಬ್ರುನೆಲ್ಲೆಸ್ಕಿ ಆಮೇಲೆ ಮಾಡಿದ ಒಂದು ಪ್ರಯೋಗ ವಿಚಿತ್ರವಾಗಿತ್ತು. ಅದನ್ನು ಬರೆದಿಟ್ಟವನು ಆತನ ಜೀವನಚರಿತ್ರೆಕಾರ ಮನೆಟ್ಟಿ. ಫ್ಲಾರೆನ್ಸಿನ ಮಹಾ ಚರ್ಚಿನ ಬಾಗಿಲೊಳಗೆ ನಿಂತು, ಎದುರಿನ ದೀಕ್ಷಾಮಂದಿರವನ್ನು ಕಂಡಂತೆ ಒಂದು ಚಿಕ್ಕ ಹಲಗೆಯ ಮೇಲೆ ಆತ ಬರೆದ. ಆಕಾಶಕ್ಕೆ ಬಣ್ಣ ಹಚ್ಚಲಿಲ್ಲ; ಆ ಜಾಗಕ್ಕೆ ಹೊಳಪು ಕೊಟ್ಟ ಬೆಳ್ಳಿ ಹಾಕಿದ. ಆಮೇಲೆ ಹಲಗೆಗೆ ತೂತು ಕೊರೆದ. ನೋಡುವವರು ಒಂದು ಕೈಯಲ್ಲಿ ಹಲಗೆ ಹಿಡಿದು, ಅದರ ಹಿಂಬದಿಯಿಂದ ತೂತಿಗೆ ಕಣ್ಣಿಟ್ಟು, ಇನ್ನೊಂದು ಕೈಯಲ್ಲಿ ಕನ್ನಡಿಯನ್ನು ಎದುರಿಗೆ ಹಿಡಿಯಬೇಕು. ಕನ್ನಡಿಯಲ್ಲಿ ಕಾಣುವ ಚಿತ್ರ ನಿಜವಾದ ಕಟ್ಟಡವೇ ಎನ್ನಿಸುವಂತಿತ್ತು. ಬೆಳ್ಳಿಯಲ್ಲಿ ನಿಜವಾದ ಮೋಡಗಳು ಗಾಳಿಗೆ ಸರಿದುಹೋಗುವುದೂ ಕಾಣುತ್ತಿತ್ತಂತೆ!

ಆ ತೂತು ಯಾಕೆ ಬೇಕಿತ್ತು? ಕಣ್ಣು ಒಂದೇ ಜಾಗದಲ್ಲಿರಬೇಕು ಎಂಬುದಕ್ಕೆ. ಅದಕ್ಕೂ ಮೊದಲಿನ ಎಷ್ಟೋ ಚಿತ್ರಗಳಲ್ಲಿ ದೊಡ್ಡವರು ದೊಡ್ಡದಾಗಿ, ಸಣ್ಣವರು ಸಣ್ಣದಾಗಿ ಇರುತ್ತಿದ್ದರು. ಹಿನ್ನೆಲೆಗೆ ಚಿನ್ನದ ರೇಕು. ಅದು ಗೊತ್ತಿಲ್ಲದೆ ಮಾಡಿದ ತಪ್ಪಲ್ಲ, ಅವರಿಗೆ ಬೇಕಿದ್ದದ್ದೇ ಬೇರೆ. ಈಗ ನಿಯಮ ಬದಲಾಯಿತು. ಯಾರು ಎಷ್ಟು ದೊಡ್ಡವರು ಎಂಬುದನ್ನು ನೋಡುವವನು ನಿಂತ ಜಾಗ ನಿರ್ಧರಿಸತೊಡಗಿತು. ಬ್ರುನೆಲ್ಲೆಸ್ಕಿಯ ಹಲಗೆ ಕಳೆದುಹೋಗಿದೆ. ನೋಡುವವನ ಕಣ್ಣಿನಿಂದ ಅಳೆಯುವ ಆತನ ಲೆಕ್ಕ ಉಳಿಯಿತು. 1435ರಲ್ಲಿ ಆಲ್ಬರ್ಟಿ ಎಂಬ ವಿದ್ವಾಂಸ ಚಿತ್ರಕಲೆಯ ಬಗ್ಗೆ ಒಂದು ಗ್ರಂಥ ಬರೆದು ಈ ಲೆಕ್ಕವನ್ನು ವಿವರಿಸಿದ. ಅದರ ಇಟಾಲಿಯನ್ ರೂಪವನ್ನು ಬ್ರುನೆಲ್ಲೆಸ್ಕಿಗೇ ಅರ್ಪಿಸಿದ. ಕಸುಬಿನವರ ಗುಟ್ಟು ಹೀಗೆ ಓದಿ ಕಲಿಯುವ ವಿದ್ಯೆಯಾಯಿತು.

ಮಸಾಚಿಯೊ ಇದನ್ನೆಲ್ಲ ನೋಡಲು ಉಳಿಯಲಿಲ್ಲ. 1428ರಲ್ಲಿ, ಇನ್ನೂ 26ರ ಪ್ರಾಯದಲ್ಲಿ, ರೋಮಿನಲ್ಲಿ ತೀರಿಕೊಂಡ. ಆತನ ಚಿತ್ರಕ್ಕೆ ಇನ್ನೊಂದು ಗಂಡಾಂತರ ಕಾದಿತ್ತು. ಕಲಾವಿದರ ಚರಿತ್ರೆ ಬರೆದು ಪ್ರಸಿದ್ಧನಾದ ವಸಾರಿ ತನ್ನ ಪುಸ್ತಕದಲ್ಲಿ ಇದೇ ಚಿತ್ರವನ್ನು ಹೊಗಳಿದ. 1570ರ ಸುಮಾರಿಗೆ ಚರ್ಚನ್ನು ನವೀಕರಿಸುವಾಗ ಅದೇ ಚಿತ್ರದ ಮುಂದೆ ಬಲಿಪೀಠ ಕಟ್ಟಿ ಮುಚ್ಚಿಬಿಟ್ಟ. ಒಡೆದು ಹಾಕಲಿಲ್ಲ ಎಂಬುದೊಂದೇ ಸಮಾಧಾನ. ಅದು ಮತ್ತೆ ಬೆಳಕಿಗೆ ಬಂದದ್ದು 1860ರ ದಶಕದ ಆರಂಭದಲ್ಲಿ.

ಮಸಾಚಿಯೊನ ಕಾಲದಲ್ಲೇ ಆಲ್ಪ್ಸ್ ಪರ್ವತದ ಉತ್ತರಕ್ಕೆ, ಫ್ಲಾಂಡರ್ಸಿನಲ್ಲಿ, ಬೇರೆಯದೇ ಕೆಲಸ ನಡೆದಿತ್ತು. ಯಾನ್ ವಾನ್ ಐಕ್ ಅಲ್ಲಿ ಎಣ್ಣೆಬಣ್ಣವನ್ನು ಪಳಗಿಸಿದ. ಅವನೇ ಅದನ್ನು ಕಂಡುಹಿಡಿದವನು ಎಂದು ವಸಾರಿ ಬರೆದದ್ದು ಸುಳ್ಳು. ಅದಕ್ಕೂ ನೂರಾರು ವರ್ಷ ಹಿಂದೆಯೇ ಅಫ್ಘಾನಿಸ್ತಾನದ ಬಾಮಿಯಾನ್ ಗುಹೆಗಳಲ್ಲಿ ಎಣ್ಣೆ ಬೆರೆಸಿದ ಬಣ್ಣ ಹಚ್ಚಿದ್ದರು. ಮೊಟ್ಟೆಯ ಹಳದಿಯಲ್ಲಿ ಕಲಸಿದ ಬಣ್ಣ ಹಚ್ಚಿದೊಡನೆ ಒಣಗುತ್ತದೆ. ಅಗಸೆ ಎಣ್ಣೆಯದು ನಿಧಾನ. ತೆಳುವಾಗಿ ಪದರದ ಮೇಲೆ ಪದರ ಹಚ್ಚಿದರೆ ಬೆಳಕು ಒಳಗೆ ಹೋಗಿ ತಿರುಗಿ ಬರುತ್ತದೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ ಚಿತ್ರಗಳ ರೇಷ್ಮೆ, ಒಡವೆಗಳ ಹೊಳಪನ್ನು ನೋಡಿದವರಿಗೆ ಈ ಮಾತು ಸುಲಭವಾಗಿ ಅರ್ಥವಾದೀತು. ವೆನಿಸ್ಸಿನವರು ಈ ಬಣ್ಣವನ್ನು ಕ್ಯಾನ್ವಾಸ್ ಬಟ್ಟೆಯ ಮೇಲೆ ತಂದರು. ಸಮುದ್ರದ ತೇವಕ್ಕೆ ಅಲ್ಲಿನ ಗೋಡೆಯ ಚಿತ್ರಗಳು ಬಾಳುತ್ತಿರಲಿಲ್ಲ, ಹಾಯಿ ಬಟ್ಟೆಗೆ ಬರವಿರಲಿಲ್ಲ.

ಮೈಕೆಲೆಂಜೆಲೊ, ರಫೇಲ್ ಬಗ್ಗೆ ಹೇಳಲು ಇಂದು ಸಮಯವಿಲ್ಲ. ಲಿಯೊನಾರ್ಡೊನನ್ನು ಮಾತ್ರ ಬಿಡುವಂತಿಲ್ಲ. ಮಿಲಾನಿನ ಮಠವೊಂದರ ಊಟದ ಮನೆಯಲ್ಲಿ ಆತ 1495ರಿಂದ 1498ರ ಸುಮಾರಿಗೆ ಯೇಸುವಿನ ಕೊನೆಯ ಭೋಜನವನ್ನು ಬರೆದ. ಇಲ್ಲಿಯೂ ಮೊಳೆಯ ತೂತು ಸಿಕ್ಕಿದೆ, ಯೇಸುವಿನ ಬಲ ಕಣತಲೆಯಲ್ಲಿ. ಎಲ್ಲ ಗೆರೆಗಳೂ ಅಲ್ಲಿಗೇ ಓಡುತ್ತವೆ. ಆದರೆ ಹಸಿ ಗಾರೆಯ ಮೇಲೆ ಬರೆಯುವವನು ಗಾರೆ ಆರುವ ಮುನ್ನ ಕೆಲಸ ಮುಗಿಸಬೇಕು. ಲಿಯೊನಾರ್ಡೊ ಆ ಜಾಯಮಾನದವನಲ್ಲ. ಕೆಲವು ದಿನ ಬೆಳಗಿನಿಂದ ಸಂಜೆಯವರೆಗೆ ಬರೆಯುವುದು, ಕೆಲವು ದಿನ ಕುಂಚ ಮುಟ್ಟದೆ ಸುಮ್ಮನೆ ನೋಡುತ್ತ ನಿಲ್ಲುವುದು. ಹಾಗಾಗಿ ಒಣ ಗೋಡೆಯ ಮೇಲೆಯೇ ಬಣ್ಣ ಹಚ್ಚಿದ. ಆತ ಬದುಕಿದ್ದಾಗಲೇ ಅದು ಹಾಳಾಗತೊಡಗಿತು. 1652ರಲ್ಲಿ ಮಠದವರು ಬಾಗಿಲು ಕೊರೆಸಿ ಯೇಸುವಿನ ಪಾದಗಳನ್ನೇ ತೆಗೆದುಬಿಟ್ಟರು. 1943ರ ಬಾಂಬ್ ದಾಳಿಯಲ್ಲಿ ಕಟ್ಟಡ ಉರುಳಿತು. ಮರಳಿನ ಚೀಲ ಒಟ್ಟಿದ್ದ ಈ ಗೋಡೆ ನಿಂತಿತು. 20 ವರ್ಷಕ್ಕೂ ಮೀರಿದ ದುರಸ್ತಿ ಮುಗಿದದ್ದು 1999ರಲ್ಲಿ. ಕಲ್ಪನೆಯಲ್ಲಿ ಅದಕ್ಕೆ ಸಾಟಿ ಇಲ್ಲ. ಕಸುಬಿನ ಲೆಕ್ಕದಲ್ಲಿ ಅದು ಸೋಲು ಎಂದೇ ನಾನು ಹೇಳುತ್ತೇನೆ.

ಮಿಲಾನಿಗೆ ಹೋಗುವವರು ಮುಂಚಿತವಾಗಿ ಟಿಕೆಟ್ ಕಾದಿರಿಸಿಕೊಳ್ಳಿ. ಒಮ್ಮೆಗೆ ಕೆಲವೇ ಮಂದಿಯನ್ನು, ಅದೂ ಕಾಲು ಗಂಟೆ ಮಾತ್ರ ಒಳಗೆ ಬಿಡುತ್ತಾರೆ. ಹೋಗಲಾಗದವರು ಆ ಚಿತ್ರದ ಒಳ್ಳೆಯ ಪ್ರತಿಯೊಂದನ್ನು ಮುಂದಿಟ್ಟುಕೊಂಡು, ಅಡಿಕೋಲು ಹಿಡಿದು, ಚಾವಣಿಯ ತೊಲೆಗಳ ಗೆರೆಗಳನ್ನು ಮುಂದಕ್ಕೆ ಎಳೆದು ನೋಡಿ. ಮನೆಯಲ್ಲಿ ಮಕ್ಕಳಿದ್ದರೆ ಅವರ ಕೈಯಲ್ಲೇ ಎಳೆಸಿ.